ಮೊದಲ ದೃಶ್ಯದಲ್ಲೇ ಮುಗಿದುಹೋದ ಕಥೆ

ನಮಸ್ಕಾರ. ಮಳೆಗೆ ನೆನೆದ ರಸ್ತೆ, ಮಂಕು ದೀಪ, ಟೋಪಿಯ ನೆರಳಿನಲ್ಲಿ ಅರ್ಧ ಮುಚ್ಚಿದ ಮುಖ, ಇಷ್ಟು ಕಂಡರೆ ಸಾಕು, ಆ ಸಿನಿಮಾವನ್ನು ‘ನ್ವಾರ್’, ಅಂದರೆ ಅಪರಾಧದ ಕರಾಳ ಕಥೆ ಹೇಳುವ ಪ್ರಕಾರದ್ದು, ಎಂದು ಕರೆದುಬಿಡುತ್ತೇವೆ. ಈ ರೂಢಿಯನ್ನು ನಾನು ಒಪ್ಪಲಾರೆ. ತಾನು ಕೆಟ್ಟೆನೆಂದು ತಿಳಿದ ಮೇಲೆ ಕೂತು ಕಥೆ ಹೇಳುವ ಮನುಷ್ಯನ ದನಿಯೇ ಈ ಪ್ರಕಾರದ ಜೀವಾಳವೆಂದು ನಾನು ನಂಬಿದ್ದೇನೆ.

ಈ ಚಿತ್ರಗಳು ತಯಾರಾದದ್ದು ಹಾಲಿವುಡ್‌ನಲ್ಲಿ, ಹೆಸರು ಬಂದದ್ದು ಪ್ಯಾರಿಸ್ಸಿನಿಂದ. ಜರ್ಮನ್ ಆಕ್ರಮಣದ ವರ್ಷಗಳಲ್ಲಿ ಫ್ರಾನ್ಸಿಗೆ ಬಾರದೇ ಉಳಿದಿದ್ದ ಅಮೆರಿಕದ ಚಿತ್ರಗಳು 1946ರಲ್ಲಿ ಒಟ್ಟೊಟ್ಟಿಗೆ ತೆರೆಕಂಡಾಗ, ವಿಮರ್ಶಕ ನೀನೋ ಫ್ರಾಂಕ್ ಅವುಗಳಲ್ಲಿ ಹಲವನ್ನು ‘ಫಿಲ್ಮ್ ನ್ವಾರ್’, ಅಂದರೆ ಕಪ್ಪು ಚಿತ್ರ, ಎಂದು ಕರೆದರು. ಆದರೆ ಆ ಕಪ್ಪಿನ ಬೇರು ಇನ್ನೂ ಹಿಂದಿನದು. 1920ರ ದಶಕದ ಜರ್ಮನ್ ಸ್ಟುಡಿಯೋಗಳಲ್ಲಿ ನೆರಳಿನಿಂದ ಭಯವನ್ನೂ ಮನಸ್ಸಿನ ಒಡಕನ್ನೂ ಚಿತ್ರಿಸುವ ಕಲೆ ಬೆಳೆದಿತ್ತು. ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿ ಫ್ರಿಟ್ಜ್ ಲಾಂಗ್, ಬಿಲ್ಲಿ ವೈಲ್ಡರ್ ಮೊದಲಾದ ಚಿತ್ರಕರ್ಮಿಗಳು ದೇಶ ಬಿಟ್ಟು ಹೊರಟಾಗ ಆ ಕಲೆಯೂ ಅವರೊಡನೆ ಅಟ್ಲಾಂಟಿಕ್ ದಾಟಿತು. ವೈಲ್ಡರ್ ಅವರ ತಾಯಿ ನಾಜಿಗಳ ಯಹೂದಿ ನರಮೇಧದಲ್ಲಿ ಸತ್ತರು. ಮನುಷ್ಯನ ಒಳ್ಳೆಯತನದ ಮೇಲೆ ಸಲೀಸಾಗಿ ಭರವಸೆ ಇಡುವುದು ಇಂಥವರಿಗೆ ಹೇಗೆ ಸಾಧ್ಯವಿತ್ತು?

ವೈಲ್ಡರ್ 1944ರಲ್ಲಿ ತೆರೆಗೆ ತಂದ ‘ಡಬಲ್ ಇಂಡೆಮ್ನಿಟಿ’ಯನ್ನೇ ನೋಡಿ. ಗುಂಡೇಟು ತಿಂದ ವಿಮಾ ಏಜೆಂಟ್ ನೆಫ್ ರಾತ್ರಿ ತನ್ನ ಕಚೇರಿಗೆ ಬಂದು, ಧ್ವನಿಮುದ್ರಣ ಯಂತ್ರದ ಮುಂದೆ ಕೂತು, ಹಿರಿಯ ಸಹೋದ್ಯೋಗಿ ಕೀಸ್‌ನಿಗಾಗಿ ತಪ್ಪೊಪ್ಪಿಕೊಳ್ಳುತ್ತಾನೆ: ಹಣಕ್ಕಾಗಿ, ಹೆಣ್ಣಿಗಾಗಿ ಕೊಂದೆ, ಎರಡೂ ದಕ್ಕಲಿಲ್ಲ. ಕೊಂದವರು ಯಾರೆಂಬ ಕುತೂಹಲ ಅಲ್ಲಿಗೇ ಮುಗಿಯಿತು. ಆಮೇಲೆ ಪ್ರೇಮದ ಪ್ರತಿಯೊಂದು ಮಾತೂ ನಮ್ಮ ಕಿವಿಗೆ ಸಾವಿನ ಮಾತಾಗಿಯೇ ಬೀಳುತ್ತದೆ.

ಅವನು ಆ ಹೆಂಗಸನ್ನು ಮೊದಲು ಕಾಣುವುದು ಕ್ಯಾಲಿಫೋರ್ನಿಯಾದ ಹಾಡುಹಗಲಿನಲ್ಲಿ ಎಂಬುದನ್ನು ಮರೆಯಬಾರದು. ಹೊರಗೆ ಧಾರಾಳ ಬಿಸಿಲು. ಒಳಗೆ ಬರುವಾಗ ಮಾತ್ರ ಅದು ಕಿಟಕಿಯ ಪಟ್ಟಿಪರದೆಯಲ್ಲಿ ಸೀಳಿ, ಜೈಲಿನ ಸರಳುಗಳಂತೆ ಬೀಳುತ್ತದೆ. ಆ ಕೋಣೆಯ ಗಾಳಿಗೆ ಧೂಳು ತುಂಬಿದ ಕಳೆ ಬರಲೆಂದು ಛಾಯಾಗ್ರಾಹಕ ಜಾನ್ ಸೈಟ್ಜ್ ಅಲ್ಯೂಮಿನಿಯಂ ಪುಡಿಯನ್ನು ಹಾರಿಬಿಟ್ಟರಂತೆ. ಬೆಳಕನ್ನೇ ಕೊಳಕಾಗಿ ಕಾಣಿಸಿದ ಈ ಕೆಲಸದ ಮುಂದೆ, ಬರಿದೇ ದೀಪ ಆರಿಸಿ ಕತ್ತಲೆ ಮಾಡುವ ಇಂದಿನ ಅನುಕರಣೆಗಳು ನನಗೆ ತೀರ ಸಪ್ಪೆಯೆನಿಸುತ್ತವೆ.

ಅಪರಾಧಿಗೆ ಶಿಕ್ಷೆಯಾಗಲೇಬೇಕೆಂಬುದು ಅಂದಿನ ಹಾಲಿವುಡ್ ನೀತಿಸಂಹಿತೆಯ ಕಟ್ಟಳೆ. ವೈಲ್ಡರ್ ವಿಷಾನಿಲದ ಕೋಣೆಯಲ್ಲಿ ನೆಫ್‌ನ ಮರಣದಂಡನೆಯನ್ನು ಚಿತ್ರೀಕರಿಸಿಯೂ ಇದ್ದರು. ಕೊನೆಗೆ ಅದನ್ನು ಕೈಬಿಟ್ಟರು. ಉಳಿದದ್ದು ಇಷ್ಟೇ: ಚಿತ್ರದುದ್ದಕ್ಕೂ ಕೀಸ್‌ನ ಚುಟ್ಟಕ್ಕೆ ಕಡ್ಡಿ ಗೀರಿ ಕೊಡುತ್ತಿದ್ದವನು ನೆಫ್. ಈಗ ಅವನು ಬಾಗಿಲ ಬಳಿ ಕುಸಿದು, ಸಿಗರೇಟು ಹೊತ್ತಿಸಲೂ ಆಗದೆ ಕೂತಾಗ, ಕೀಸ್ ಪಕ್ಕದಲ್ಲಿ ಮಂಡಿಯೂರಿ ಕಡ್ಡಿ ಗೀರುತ್ತಾನೆ.