ಗವಿಪುರದ ಬೆಳಕು ವರ್ಷಕ್ಕೆ ಎರಡು ಸಲ ಬರುತ್ತದೆ, ನಾವು ಹೋಗೋದು ಒಂದೇ ಸಲ

[ದೃಶ್ಯ: ಸಂಕ್ರಾಂತಿ ಸಂಜೆ, ಗವಿಪುರದ ಬೀದಿ, ದೇವಸ್ಥಾನದ ಹೊರಗೆ ಜನವೋ ಜನ]

ನಮಸ್ಕಾರ. ಪ್ರತಿ ಸಂಕ್ರಾಂತಿ ದಿನ ಸಂಜೆ ಐದರ ಹೊತ್ತಿಗೆ ನಮ್ಮ ಟಿವಿ ಚಾನೆಲ್‌ಗಳ ಕ್ಯಾಮೆರಾ ಬೆಂಗಳೂರಿನ ಗವಿಗಂಗಾಧರೇಶ್ವರ ದೇವಸ್ಥಾನದ ಕಡೆ ತಿರುಗಿರುತ್ತದೆ. ಬಂಡೆ ಕೊರೆದು ಮಾಡಿದ ಗುಡಿ ಇದು. ಒಳಗೆ ಪ್ರದಕ್ಷಿಣೆ ಹಾಕಬೇಕಾದರೆ ಬಗ್ಗಿಕೊಂಡೇ ಹೋಗಬೇಕು, ಇಲ್ಲದಿದ್ದರೆ ತಲೆಗೆ ಬಂಡೆ ತಗಲುತ್ತದೆ. ಅಂಥ ಗವಿಯೊಳಗಿನ ಲಿಂಗಕ್ಕೆ ಅವತ್ತು ಬಿಸಿಲು ಬೀಳುತ್ತದೆ.

[ಕ್ಲೋಸಪ್: ನಂದಿಯ ಕೊಂಬುಗಳು, ಅವುಗಳ ಮಧ್ಯೆ ಬೆಳಕಿನ ಪಟ್ಟಿ]

ಕಿಟಕಿಯಿಂದ ತೂರಿ ಬಂದ ಬಿಸಿಲು ನಂದಿಯ ಎರಡು ಕೊಂಬುಗಳ ನಡುವೆ ಹಾಯುತ್ತದೆ. ಆಮೇಲೆ ಲಿಂಗದ ಬುಡ ಮುಟ್ಟಿ ಮೆಲ್ಲಗೆ ಮೇಲಕ್ಕೆ ಹತ್ತುತ್ತದೆ. ಹೊರಗೆ ಸೂರ್ಯ ಇಳಿಯುತ್ತಿದ್ದಾನೆ, ಒಳಗೆ ಬೆಳಕು ಏರುತ್ತಿದೆ! ಸಂಜೆ ನಮ್ಮ ಮನೆಯ ಪಡುವಣ ಕಿಟಕಿಯ ಬಿಸಿಲು ನೆಲದಿಂದ ಗೋಡೆಗೆ ಹತ್ತುತ್ತದಲ್ವಾ, ಲೆಕ್ಕ ಅದೇ. ಕೆಲವೇ ನಿಮಿಷದ ಆಟ. ಅಷ್ಟರಲ್ಲೇ ಹಾಲಿನ ಅಭಿಷೇಕ, ಗಂಟೆ, ಮಂಗಳಾರತಿ ಎಲ್ಲ ಆಗಬೇಕು. ಮೋಡ ಅಡ್ಡ ಬಂದರೆ ಅದೂ ಇಲ್ಲ. 2021ರ ಸಂಕ್ರಾಂತಿಗೆ ಹಾಗೇ ಆಯಿತು.

ಇದು ಪವಾಡಾನಾ, ಲೆಕ್ಕಾಚಾರಾನಾ? ಕಾಮೆಂಟ್‌ನಲ್ಲಿ ಈ ಜಗಳ ವರ್ಷಾ ವರ್ಷಾ ಇದ್ದದ್ದೇ. ನನಗಂತೂ ಅದು ಬೇಜಾರು ಹಿಡಿಸಿದೆ. ಅದಕ್ಕಿಂತ ಮಜವಾದ ವಿಷಯ ಬೇರೆ ಇದೆ.

[ಅನಿಮೇಷನ್: ಡಿಸೆಂಬರ್ 21ರವರೆಗೆ ದಕ್ಷಿಣಕ್ಕೆ ಜಾರಿ, ಮತ್ತೆ ಉತ್ತರಕ್ಕೆ ಹೊರಳುವ ಸೂರ್ಯ]

ಡಿಸೆಂಬರ್ 21ರ ಹೊತ್ತಿಗೆ ಸೂರ್ಯ ದಕ್ಷಿಣದ ತುದಿ ಮುಟ್ಟಿ, ಬಂದ ದಾರಿಯಲ್ಲೇ ವಾಪಸ್ ಹೊರಡುತ್ತಾನೆ. ಸಂಕ್ರಾಂತಿ ಬರೋದು ಅದಾಗಿ 24 ದಿನಕ್ಕೆ. ಹಾಗಾದರೆ ಡಿಸೆಂಬರ್ 21ಕ್ಕಿಂತ 24 ದಿನ ಮುಂಚೆಯೂ ಸೂರ್ಯ ಹೆಚ್ಚುಕಮ್ಮಿ ಅದೇ ಜಾಗ ದಾಟಿ ಹೋಗಿರಬೇಕಲ್ವಾ? ಹೌದು, ಹೋಗಿರುತ್ತಾನೆ. ನೆಹರೂ ತಾರಾಲಯದ ಬಿ.ಎಸ್. ಶೈಲಜಾ ಮತ್ತು ಜೊತೆಗಾರರು ಇದನ್ನು ಅಧ್ಯಯನ ಮಾಡಿ 2008ರಲ್ಲಿ ಪ್ರಕಟಿಸಿದರು. ಜನವರಿ 13ರಿಂದ 16ರವರೆಗೆ ಒಂದು ಸಲ, ನವೆಂಬರ್ 26ರಿಂದ ಡಿಸೆಂಬರ್ 2ರವರೆಗೆ ಇನ್ನೊಂದು ಸಲ ಬಿಸಿಲು ಲಿಂಗ ಮುಟ್ಟುತ್ತದೆ. ನವೆಂಬರ್‌ನಲ್ಲಿ ಲೈವ್ ಇಲ್ಲ, ನೂಕುನುಗ್ಗಲೂ ಇಲ್ಲ. ಬೆಳಕು ಬಂದು ಹೋಗುತ್ತದೆ, ಅಷ್ಟೇ.

[ದೃಶ್ಯ: ಹಳೇ ಚಿತ್ರ, ಪಕ್ಕದಲ್ಲಿ ಇವತ್ತಿನ ದೇವಸ್ಥಾನದ ಅಂಗಳ]

ಇನ್ನೊಂದು ಸಂಗತಿ. 1792ರಲ್ಲಿ ಥಾಮಸ್ ಡೇನಿಯಲ್, ವಿಲಿಯಂ ಡೇನಿಯಲ್ ಅನ್ನುವ ಇಂಗ್ಲಿಷ್ ಚಿತ್ರಕಾರರು ಬೆಂಗಳೂರಿಗೆ ಬಂದಿದ್ದರು. ವಿಲಿಯಂ, ಥಾಮಸ್‌ನ ಸೋದರನ ಮಗ. ಈ ಗುಡಿಯ ಚಿತ್ರವನ್ನೂ ಬರೆದರು. ಅದರಲ್ಲಿ ಇವತ್ತಿನಷ್ಟು ಕಟ್ಟಡ ಕಾಣಲ್ಲ. ಅಂದರೆ ಸುತ್ತಲಿನ ಗೋಡೆಗಳಲ್ಲಿ ಕೆಲವು ಆಮೇಲೆ ಎದ್ದವು. ಗೋಡೆ ಎದ್ದರೆ ಬಿಸಿಲು ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಸರಿಯಾದ ಜಾಗದಲ್ಲಿ ಕಿಂಡಿ ಉಳಿಯಿತು. ಪವಾಡ ಯಾವುದು ಅಂತ ನನ್ನನ್ನು ಕೇಳಿದರೆ, ನಾನು ಆ ಕಿಂಡಿ ತೋರಿಸುತ್ತೇನೆ. ಕೊಂಬಿನ ಸಂದಿಗೆ ಸೂರ್ಯನನ್ನು ತರಲು ಎಷ್ಟು ಸಂಜೆ ಕಣ್ಣಿಟ್ಟು ನೋಡಿರಬೇಕು!

ಈಗ ಸ್ವಲ್ಪ ತಲೆ ತಿರುಗುವ ಮಾತು. ನಮ್ಮ ಸಂಕ್ರಾಂತಿ ನಕ್ಷತ್ರಗಳ ಲೆಕ್ಕದ್ದು, ಸೂರ್ಯ ಮಕರ ರಾಶಿಗೆ ಬರುವ ದಿನ. ಭೂಮಿಯ ಅಕ್ಷ ಬಲು ನಿಧಾನವಾಗಿ ವಾಲಾಡುವುದರಿಂದ ಹಬ್ಬ ಕ್ಯಾಲೆಂಡರ್‌ನಲ್ಲಿ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಮುಂದೆ ಸರಿಯುತ್ತಿದೆ. ಕಿಂಡಿ ಮಾತ್ರ ಇದ್ದಲ್ಲೇ ಇರುತ್ತದೆ. ಇನ್ನು ಕೆಲವು ಶತಮಾನ ಕಳೆದರೆ, ಬಿಸಿಲು ಬಂದು ಹೋದ ಮೇಲೆ ಸಂಕ್ರಾಂತಿ ಬರುತ್ತದೆ! ಹಬ್ಬ ಮತ್ತು ಬೆಳಕು ಒಟ್ಟಿಗೆ ಬೀಳುವ ಕಾಲದಲ್ಲಿ ನಾವಿದ್ದೇವೆ. ಕೈ ಮುಗಿಯೋರು ಮುಗಿಯಲಿ, ಲೆಕ್ಕ ಹಾಕೋರು ಹಾಕಲಿ. ನಾನು ಎರಡೂ ಮಾಡುತ್ತೇನೆ.

[ದೃಶ್ಯ: ಅಂಗಳದ ಸೂರ್ಯಪಾನ, ಚಂದ್ರಪಾನದ ದೊಡ್ಡ ಕಲ್ಲಿನ ಚಕ್ರಗಳು]

ಹೋಗಬೇಕು ಅನ್ನಿಸಿದರೆ ನವೆಂಬರ್ ಕೊನೇ ವಾರ ಹೋಗಿ. ಸಂಜೆ ಐದಕ್ಕೆ ಸ್ವಲ್ಪ ಮುಂಚೆಯೇ ಒಳಗಿರಿ. ಚೆನ್ನೈ ಕಡೆ ಚಂಡಮಾರುತ ಎದ್ದಿದ್ದರೆ ಮಾತ್ರ ಸುಮ್ನೆ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಳ್ಳಬೇಡಿ, ಮೋಡ ಬಿಡಲ್ಲ.