ಬಾಲಿಯಿಂದ ಇನ್ನೂ ಎರಡು ಗಂಟೆ

ಕೇಳುಗರಿಗೆ ನಮಸ್ಕಾರ.

ಚಂದ್ರಗಿರಿ, ಕಾವೇರಿ ಎಂಬ ಕಾಫಿ ತಳಿಗಳನ್ನು ನಮ್ಮ ಮಲೆನಾಡಿನ ಬೆಳೆಗಾರರು ಬಲ್ಲರು. ಎರಡರಲ್ಲೂ ತಿಮೋರ್ ದ್ವೀಪದ ಅಂಶವಿದೆ. ಅಲ್ಲಿ ಅರೇಬಿಕಾ, ರೊಬಸ್ಟಾ ತಾವಾಗಿಯೇ ಕೂಡಿ ಹುಟ್ಟಿದ ಗಿಡವೊಂದು ಎಲೆತುಕ್ಕು ರೋಗಕ್ಕೆ ಜಗ್ಗದೆ ನಿಂತಿತು. ತಳಿ ವಿಜ್ಞಾನಿಗಳು ಅದನ್ನು ಜಗತ್ತಿನೆಲ್ಲೆಡೆ ಬಳಸಿಕೊಂಡರು. ಆ ದ್ವೀಪದ ಪೂರ್ವ ಭಾಗವೇ ತಿಮೋರ್-ಲೆಸ್ತೆ ದೇಶ. ಬಾಲಿಗೆ ಹೋಗಿ ಬಂದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅಲ್ಲಿಂದ ವಿಮಾನದಲ್ಲಿ ಸುಮಾರು ಎರಡು ಗಂಟೆ ದೂರದ ಡಿಲಿಯನ್ನು, ಅಂದರೆ ತಿಮೋರ್-ಲೆಸ್ತೆಯ ರಾಜಧಾನಿಯನ್ನು, ಕಂಡವರು ಅಪರೂಪ.

ಹೊರಡುವವರು ಮೊದಲು ತಿಂಗಳನ್ನು ಗೊತ್ತುಮಾಡಿಕೊಳ್ಳಬೇಕು. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಅಲ್ಲಿ ಮಳೆ, ಬೆಟ್ಟದ ರಸ್ತೆಗಳಲ್ಲಿ ಕುಸಿತ. ನಮ್ಮಲ್ಲಿ ಮುಂಗಾರು ಹಿಡಿದಾಗ ಅಲ್ಲಿ ಒಣಹವೆ, ಕಾಫಿ ಕೊಯ್ಲಿನ ಕಾಲ. ಚಲಾವಣೆಯಲ್ಲಿರುವುದು ಅಮೆರಿಕದ ಡಾಲರು. ಚಿಲ್ಲರೆಗೆ ಮಾತ್ರ ಅವರದೇ ಸೆಂಟಾವೋ ನಾಣ್ಯ. ಡಿಲಿ ಬಿಟ್ಟ ಮೇಲೆ ಎಟಿಎಂ ನಂಬಿ ಕೂರಬೇಡಿ, ಸಣ್ಣ ನೋಟುಗಳನ್ನು ಜೊತೆಗಿಟ್ಟುಕೊಳ್ಳಿ. ವೀಸಾ ನಿಯಮ ವಿಮಾನದಲ್ಲಿ ಇಳಿಯುವವರಿಗೆ ಒಂದು, ಇಂಡೊನೇಷ್ಯಾದ ಗಡಿ ದಾಟಿ ಬರುವವರಿಗೆ ಇನ್ನೊಂದು. ಟಿಕೆಟ್ ಕೊಳ್ಳುವ ಮೊದಲೇ ವಿಚಾರಿಸಿ.

ಡಿಲಿಯಲ್ಲಿ ಸಮುದ್ರತೀರಕ್ಕಿಂತ ಮೊದಲು ಸಾಂತಾ ಕ್ರೂಜ್ ಸ್ಮಶಾನಕ್ಕೆ ಹೋಗಿ ಎನ್ನುತ್ತೇನೆ. 1975ರಲ್ಲಿ ಇಂಡೊನೇಷ್ಯಾ ಈ ನಾಡನ್ನು ಆಕ್ರಮಿಸಿತು. ಅದಕ್ಕೂ ಮೊದಲೇ ಶವಸಂಸ್ಕಾರಗೊಂಡಿದ್ದ ಯುವಕನೊಬ್ಬನ ನೆನಪಿಗೆ 1991ರ ನವೆಂಬರ್ 12ರಂದು ಈ ಸ್ಮಶಾನದಲ್ಲಿ ಸೇರಿದ್ದ ಜನರ ಮೇಲೆ ಇಂಡೊನೇಷ್ಯಾದ ಸೈನಿಕರು ಗುಂಡು ಹಾರಿಸಿದರು. ಆ ದೃಶ್ಯಗಳ ಚಿತ್ರೀಕರಣ ಹೊರಗೆ ಹೋದ ಮೇಲೆಯೇ ಜಗತ್ತು ಇತ್ತ ತಿರುಗಿ ನೋಡಿದ್ದು. 1999ರಲ್ಲಿ ಜನಮತಗಣನೆ, 2002ರ ಮೇ 20ರಂದು ಸ್ವಾತಂತ್ರ್ಯ. ಆಗ್ನೇಯ ಏಷ್ಯಾದ ದೇಶಗಳ ಆಸಿಯಾನ್ ಕೂಟದ ಹನ್ನೊಂದನೆಯ ಸದಸ್ಯನಾಗಲು ಮಾತ್ರ 2025ರವರೆಗೆ ಕಾಯಬೇಕಾಯಿತು!

ಒಂದೇ ವಾರದಲ್ಲಿ ಪೂರ್ವ ತುದಿಯ ಜಾಕೋ ದ್ವೀಪ, ಡಿಲಿಯ ಎದುರಿನ ಅತೌರೋ, ನಡುನಾಡಿನ ರಮೆಲಾವು ಶಿಖರ, ಮೂರನ್ನೂ ನೋಡುತ್ತೇನೆಂದು ಹೊರಟರೆ ವಾಹನದಲ್ಲೇ ಕಾಲ ಕಳೆಯುತ್ತೀರಿ. ನಾನಾದರೆ ಜಾಕೋವನ್ನು ಬಿಟ್ಟೇನು. ಮೌಬಿಸ್ಸೆಯ ದಾರಿ ಹಿಡಿದು, ಹಾತುಬಿಲಿಕೋ ಹಳ್ಳಿಯಲ್ಲಿ ತಂಗಿ, ನಸುಕಿಗೆ ಮುಂಚೆ ರಮೆಲಾವು ಹತ್ತಬೇಕು. ಎತ್ತರ ಮೂರು ಸಾವಿರ ಮೀಟರಿಗೆ ತುಸು ಕಡಿಮೆ, ಸ್ವೆಟರ್ ಮರೆಯಬೇಡಿ.

ಈಜು ಬಲ್ಲವರಿಗೊಂದು ಮಾತು. ಅಲ್ಲಿನ ಕಡಲಲ್ಲೂ ಮೊಸಳೆಗಳಿವೆ. ತಮ್ಮ ದ್ವೀಪವೇ ಒಂದು ಮೊಸಳೆಯ ಮೈಯಿಂದ ಆದದ್ದೆಂಬ ಕಥೆಯುಳ್ಳ ಜನ ಅದನ್ನು ಅಜ್ಜ ಎಂದು ಗೌರವಿಸುತ್ತಾರೆ. ಎಲ್ಲಿ ನೀರಿಗಿಳಿಯಬಹುದೆಂದು ಊರಿನವರನ್ನೇ ಕೇಳಿ. ಬೇಡವೆಂದರೆ ವಾದಿಸದೆ ದಡದಲ್ಲೇ ಕುಳಿತು ಕಾಫಿ ಕುಡಿಯಿರಿ.

ನಮಸ್ಕಾರ.