ಎಣಿಕೆಯ ಮರುದಿನ

ಕೇಳುಗರೆಲ್ಲರಿಗೂ ನಮಸ್ಕಾರ.

ಲೋಕಸಭಾ ಚುನಾವಣೆಯಲ್ಲಿ ಸೋತವರು ಸೋತ ಮೇಲೆ ಏನು ಮಾಡುತ್ತಾರೆ? ಇದರ ಬಗ್ಗೆ ಮಾತಾಡಿ ಅಂತ ಕಾರವಾರ ಆಕಾಶವಾಣಿಯವರು ಕರೆದಿದ್ದಾರೆ. ಹತ್ತು ನಿಮಿಷ ಕೊಟ್ಟಿದ್ದಾರೆ. 35 ವರ್ಷ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಿದವನಿಗೆ ಹತ್ತು ನಿಮಿಷ ಹಾಜರಿ ಕರೆಯುವುದಕ್ಕೇ ಬೇಕು. ಹಾಗಾಗಿ ಒಂದೇ ಮಾತು ಹೇಳುತ್ತೇನೆ. ನೀವು ಬೈತಖೋಲದಲ್ಲಿ ಬಲೆ ಸರಿಮಾಡುತ್ತಾ ಕೂತಿರಬಹುದು, ಶಿರಸಿ ಕಡೆ ಅಡಿಕೆ ಸುಲಿಯುತ್ತಾ ಕೂತಿರಬಹುದು. ಕೈ ಕೆಲಸ ಬಿಡಬೇಡಿ, ಕಿವಿ ಈ ಕಡೆ ಇರಲಿ.

ಆ ಒಂದು ಮಾತು ಇದು. ಚುನಾವಣೆಯನ್ನು ಮುಗಿಸುವವನು ಗೆದ್ದವನಲ್ಲ, ಸೋತವನು. ಗೆದ್ದವನದು ಏನಿದೆ? ಹಾರ, ಪಟಾಕಿ, ತೆರೆದ ಜೀಪು. ಅದನ್ನು ಯಾರು ಬೇಕಾದರೂ ಮಾಡುತ್ತಾರೆ. ಸೋತವನು ಬಂದು "ಹೌದು, ನಾನು ಸೋತೆ" ಎಂದು ಬಾಯಿಬಿಟ್ಟು ಹೇಳುತ್ತಾನಲ್ಲ, ಚುನಾವಣೆ ಮುಗಿಯುವುದು ಅಲ್ಲಿ. ಅವನು ಹೇಳದಿದ್ದರೆ? ಅಮೆರಿಕದಲ್ಲಿ ನೋಡಿದಿರಿ. 2020ರ ಚುನಾವಣೆಯಲ್ಲಿ ಸೋತ ಟ್ರಂಪ್ ಸೋತೆ ಅನ್ನಲಿಲ್ಲ. 2021ರ ಜನವರಿ 6ರಂದು ಅವರ ಬೆಂಬಲಿಗರು ಸಂಸತ್ತಿನ ಕಟ್ಟಡದ ಕಿಟಕಿ ಒಡೆದು ಒಳಗೆ ನುಗ್ಗಿದರು. ಅಷ್ಟು ಹಳೆಯ ಪ್ರಜಾಪ್ರಭುತ್ವ! ಒಬ್ಬರು ಒಂದು ಮಾತು ಹೇಳದೆ ಹೋಗಿದ್ದಕ್ಕೆ ಅಷ್ಟಾಯಿತು.

ನಮ್ಮಲ್ಲಿ ಹಾಗಾಗಲಿಲ್ಲ. ಆಗಬಹುದಿತ್ತು, 1977ರಲ್ಲಿ. ಆಗ ತುರ್ತುಪರಿಸ್ಥಿತಿ ಇತ್ತು. ಪೊಲೀಸು, ಪತ್ರಿಕೆ, ರೇಡಿಯೋ ಎಲ್ಲವೂ ಇಂದಿರಾ ಗಾಂಧಿಯವರ ಕೈಯಲ್ಲೇ. ಹೌದು, ಈ ರೇಡಿಯೋ ಕೂಡ. ಮಾರ್ಚ್ 20ರ ರಾತ್ರಿ ರಾಯಬರೇಲಿಯಲ್ಲಿ ರಾಜ್ ನಾರಾಯಣ್ ಎದುರು 55 ಸಾವಿರ ಚಿಲ್ಲರೆ ಮತಗಳಿಂದ ಸೋತರು. ಬೆಳಗಾಗುವುದರೊಳಗೆ ತುರ್ತುಪರಿಸ್ಥಿತಿಯನ್ನೇ ತೆಗೆದರು. ಆಗ ಹಂಗಾಮಿ ರಾಷ್ಟ್ರಪತಿ ಯಾರು ಗೊತ್ತಲ್ಲ? ನಮ್ಮ ಬಿ.ಡಿ. ಜತ್ತಿಯವರು. ಇಂದಿರಾ ಜತ್ತಿಯವರ ಕೈಗೆ ರಾಜೀನಾಮೆ ಕೊಟ್ಟು ಮನೆಗೆ ಹೋದರು. ತುರ್ತುಪರಿಸ್ಥಿತಿ ತಂದ ಕೈಯೇ ಸೋಲನ್ನೂ ಒಪ್ಪಿತು. ನಾನು ಅವರ ಅಭಿಮಾನಿಯೇನಲ್ಲ. ಆದರೂ ಆ ಒಂದು ರಾತ್ರಿಗೆ ನನ್ನ ನಮಸ್ಕಾರ ಇದೆ.

ತಮಾಷೆ ಏನೆಂದರೆ ಆ ವರ್ಷ ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಬಂದಿದ್ದವು, ನಮ್ಮ ಜಿಲ್ಲೆಯದೂ ಸೇರಿ. ದಿಲ್ಲಿಯಲ್ಲಿ ಸೋತವರನ್ನು ನಾವು ಇಲ್ಲಿ ಗೆಲ್ಲಿಸಿದ್ದೆವು. ಮುಂದಿನ ವರ್ಷವೇ ಇಂದಿರಾ ಚಿಕ್ಕಮಗಳೂರಿಗೆ ಬಂದು ಗೆದ್ದರು. ಇನ್ನೂ ಒಂದು ವಿಚಿತ್ರ. 2019ರಲ್ಲಿ ಅವರ ಮೊಮ್ಮಗ ರಾಹುಲ್ ಗಾಂಧಿ ಪಕ್ಕದ ಅಮೇಠಿಯಲ್ಲಿ ಸೋತದ್ದೂ 55 ಸಾವಿರ ಚಿಲ್ಲರೆಯಿಂದಲೇ. ಕ್ಲಾಸಿನಲ್ಲಿ ಇದನ್ನು ಹೇಳಿದರೆ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಿದ್ದರು.

ಇರಲಿ. ಈಗ ನಮ್ಮೂರಿನ ಕತೆಗೆ ಬರುತ್ತೇನೆ. ಇದನ್ನು ಹೇಳದೆ ಎದ್ದು ಹೋದರೆ ನನಗೆ ಸಮಾಧಾನ ಇಲ್ಲ.

1984ರ ಡಿಸೆಂಬರ್ ಕೊನೆ. ಇಂದಿರಾ ಅವರ ಹತ್ಯೆಯಾಗಿ ಎರಡು ತಿಂಗಳು. ದೇಶದ ತುಂಬ ಅನುಕಂಪದ ಗಾಳಿ. ರಾಜೀವ್ ಗಾಂಧಿಯವರ ಕಾಂಗ್ರೆಸ್ಸಿಗೆ 400ಕ್ಕೂ ಜಾಸ್ತಿ ಸ್ಥಾನ ಬಂದವು. ಬಿಜೆಪಿಗೆ ಎರಡೇ ಎರಡು. ಗ್ವಾಲಿಯರ್‌ನಲ್ಲಿ ವಾಜಪೇಯಿಯವರೇ ಸೋತರು. ಕರ್ನಾಟಕದಲ್ಲಿ ಆಗ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ. ನಮ್ಮ ಸಿದ್ದಾಪುರದ ದೊಡ್ಮನೆಯವರು. ಅವರ ಜನತಾ ಪಕ್ಷಕ್ಕೆ 28ರಲ್ಲಿ ನಾಲ್ಕು ಸ್ಥಾನ ಬಂತು. ನಾಲ್ಕು! ಉಳಿದ 24 ಕಾಂಗ್ರೆಸ್ಸಿಗೆ. ಅವರ ಸ್ವಂತ ಜಿಲ್ಲೆ ಕೂಡ ಕೈಬಿಟ್ಟಿತು. ನಾವೇ ಕೈಬಿಟ್ಟೆವು, ಅಲ್ವಾ?

ನಾನು ಆಗ ಶಿರಸಿಯಲ್ಲಿ ಹೊಸ ಮಾಸ್ತರ. ಬಾಡಿಗೆ ರೂಮು, ಊಟಕ್ಕೆ ಖಾನಾವಳಿ. ಸಂಜೆಯಾದರೆ ಬಸ್‌ ಸ್ಟ್ಯಾಂಡ್ ಹತ್ತಿರದ ಚಹಾದಂಗಡಿ. ಅಲ್ಲಿ ಒಂದು ದೊಡ್ಡ ರೇಡಿಯೋ, ಅದರ ಸುತ್ತ ಮಂಡಿಗೆ ಅಡಿಕೆ ತಂದವರು, ಬಸ್ಸು ತಪ್ಪಿಸಿಕೊಂಡವರು, ನನ್ನ ಹಾಗೆ ಮನೆಯಲ್ಲಿ ಯಾರೂ ಕಾಯದವರು. ವಾರ್ತೆ ಬಂತು. ಹೆಗಡೆಯವರು ರಾಜೀನಾಮೆ ಕೊಟ್ಟಿದ್ದಾರೆ, ವಿಧಾನಸಭೆಗೆ ಹೊಸ ಚುನಾವಣೆ ಕೇಳಿದ್ದಾರೆ ಅಂತ. ಅಂಗಡಿಯಲ್ಲಿ ಒಂದು ಕ್ಷಣ ಲೋಟದ ಶಬ್ದವೂ ಇಲ್ಲ. ಮೂಲೆಯಲ್ಲಿ ಕೂತಿದ್ದ ಒಬ್ಬ ಹಿರಿಯರು ಕವಳ ಉಗಿದು ಬಂದು ಕೇಳಿದರು, "ಹೌದನಾ? ಎಂತಕ್ಕೆ ಕೊಟ್ಟ?"

ಒಳ್ಳೆ ಪ್ರಶ್ನೆ. ಸೋತದ್ದು ಲೋಕಸಭೆಯಲ್ಲಿ. ಸರಕಾರ ಇದ್ದದ್ದು ವಿಧಾನಸಭೆಯ ಬಲದ ಮೇಲೆ. ಅದಕ್ಕೂ ಇದಕ್ಕೂ ಕಾನೂನಿನಲ್ಲಿ ಸಂಬಂಧವೇ ಇಲ್ಲ. ಯಾರೂ ಇವರನ್ನು ಇಳಿ ಅಂದಿರಲಿಲ್ಲ. ನಾನು ಹೊಸ ಮಾಸ್ತರ ನೋಡಿ, ಎದ್ದು ನಿಂತು ಸಂವಿಧಾನದ ವಿಧಿ ಎಲ್ಲ ಹೇಳಲು ಶುರುಮಾಡಿದೆ. ಆ ಹಿರಿಯರು ಕೈ ಅಡ್ಡ ಮಾಡಿದರು. "ನೀ ಕೂತ್ಕ ಮಾರಾಯಾ" ಅಂದರು. ಆಮೇಲೆ ತಾವೇ ಉತ್ತರ ಹೇಳಿದರು. ತೋಟದ ಯಜಮಾನ ನನ್ನ ಲೆಕ್ಕ ಒಪ್ಪಲಿಲ್ಲ ಅಂತ ಗೊತ್ತಾದ ಮೇಲೆ ಬೀಗದ ಕೈಯನ್ನು ಸೊಂಟದಲ್ಲಿ ಇಟ್ಟುಕೊಂಡು ತಿರುಗುವುದು ಚಂದ ಅಲ್ಲ, ಯಜಮಾನನ ಮುಂದೆ ಇಟ್ಟುಬಿಡಬೇಕು, ಬೇಕಾದರೆ ಅವನೇ ತಿರುಗಿ ಕೊಡುತ್ತಾನೆ. ಇದು ಅವರ ವಿವರಣೆ. ನನ್ನ ಎಂ.ಎ. ಪದವಿ ಅಲ್ಲೇ ಚಹಾದಲ್ಲಿ ಕರಗಿತು.

ಅಂಗಡಿಯಲ್ಲಿ ಒಪ್ಪದವರೂ ಇದ್ದರು. "ಅದೆಲ್ಲ ಲೆಕ್ಕಾಚಾರ" ಅಂದರು. ಇದ್ದಿರಬಹುದು. 1983ರಲ್ಲಿ ಜನತಾ ಪಕ್ಷ ಗೆದ್ದದ್ದು 224ರಲ್ಲಿ 95 ಮಾತ್ರ. ಬಿಜೆಪಿಯವರು, ಎಡಪಕ್ಷದವರು ಹೊರಗಿನಿಂದ ಕೊಟ್ಟ ಬೆಂಬಲದ ಮೇಲೆ ಸರಕಾರ ನಡೆದಿತ್ತು. ಹೊಸ ಚುನಾವಣೆಯಲ್ಲಿ ಸ್ವಂತ ಬಹುಮತ ಬಂದರೆ ಬರಲಿ ಅಂತ ಹೆಗಡೆಯವರು ಎಣಿಸಿರಬಹುದು. ಅವರು ಜಾಣರು, ಅದು ಎಲ್ಲರಿಗೂ ಗೊತ್ತಿತ್ತು. ಆದರೆ 28ಕ್ಕೆ ನಾಲ್ಕು ಬಂದ ಮನುಷ್ಯ, ದೇಶವೆಲ್ಲ ರಾಜೀವ್ ರಾಜೀವ್ ಅನ್ನುವಾಗ, ಕೈಯಲ್ಲಿದ್ದ ಖುರ್ಚಿ ಬಿಟ್ಟು ಜೂಜಿಗೆ ಕೂರುತ್ತಾನೆಯೇ? ನೀವಾದರೆ ಕೂರುತ್ತಿದ್ದಿರಾ?

ಜನರೂ ಮೆಚ್ಚಿದರು. 1985ರ ಮಾರ್ಚ್‌ನಲ್ಲಿ ಚುನಾವಣೆ ನಡೆಯಿತು. ಜನತಾ ಪಕ್ಷಕ್ಕೆ 139 ಬಂತು. ಎರಡು ತಿಂಗಳ ಹಿಂದೆ ಸೋಲಿಸಿದ ಅದೇ ಜನ, ಅದೇ ಬೂತು, ಅದೇ ಬೆರಳು. ಅದೇ ಚಹಾದಂಗಡಿಯಲ್ಲಿ ಆ ಹಿರಿಯರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಮಾತಾಡಲಿಲ್ಲ. ಬಾಯಲ್ಲಿ ಕವಳ ಇತ್ತು. ಮುಂದೆ 1991ರಲ್ಲಿ ಬಾಗಲಕೋಟೆ ಲೋಕಸಭೆಗೆ ನಿಂತು ಹೆಗಡೆಯವರೇ ಸೋತರು, ಸಿದ್ದು ನ್ಯಾಮಗೌಡರ ಎದುರು. ಅದೂ ಒಂದು ದೊಡ್ಡ ಕತೆ. ಅದಕ್ಕೆ ಇನ್ನೊಂದು ಸಲ ಕರೆಯಿರಿ.

ಅಯ್ಯೋ, ಗಡಿಯಾರ ಓಡಿಬಿಟ್ಟಿದೆ. ಮುಂದಿನದನ್ನು ಬೇಗ ಹೇಳುತ್ತೇನೆ.

ಸೋತವರ ಇನ್ನೊಂದು ಜಾತಿ ಇದೆ. ಸೋತದ್ದು ನಾನಲ್ಲ, ಪೆಟ್ಟಿಗೆ ಅನ್ನುವವರು. ಇದು ಇವತ್ತಿನದಲ್ಲ. 1971ರಲ್ಲಿ ಇಂದಿರಾ 352 ಸ್ಥಾನ ಗೆದ್ದಾಗ ಜನಸಂಘದ ಬಲರಾಜ್ ಮಧೋಕ್ ಏನೆಂದರು? ಮತಪತ್ರಕ್ಕೆ ರಷ್ಯಾದ ಮಾಯದ ಶಾಯಿ ಹಚ್ಚಿದ್ದಾರೆ, ನಾವು ಒತ್ತಿದ ಮುದ್ರೆ ಅಳಿಸಿ ಹೋಗಿ ಅವರ ಗುರುತಿನ ಮೇಲೆ ಮುದ್ರೆ ಮೂಡುತ್ತದೆ ಅಂತ! ಆಮೇಲೆ ಮತ ಹಾಕುವ ಮಿಷನ್ ಬಂತು. 2009ರಲ್ಲಿ ಸೋತ ಬಿಜೆಪಿಯವರು ಮಿಷನ್ ಸರಿಯಿಲ್ಲ ಅಂದರು. 2014ರ ನಂತರ ಸೋತ ಕಾಂಗ್ರೆಸ್ಸಿನವರು ಅದನ್ನೇ ಹೇಳಿದರು. ಗೆದ್ದ ವರ್ಷ ಮಿಷನ್ ಚೆನ್ನಾಗಿರುತ್ತದೆ, ಸೋತ ವರ್ಷ ಕೆಟ್ಟಿರುತ್ತದೆ. ಕುಣಿಯಲಾರದವಳ ಗಾದೆ ನಿಮಗೇ ಗೊತ್ತು.

ಅನುಮಾನ ಪಡಬಾರದೇ? ಪಡಿ. ಅನುಮಾನದಿಂದಲೇ ವಿವಿಪ್ಯಾಟ್ ಬಂತು, ಅಂದರೆ ಒತ್ತಿದ ಮತ ಯಾರಿಗೆ ಬಿತ್ತು ಅಂತ ಅಚ್ಚಾಗಿ ತೋರಿಸುವ ಚೀಟಿ. ಒಂದೊಂದು ವಿಧಾನಸಭಾ ಕ್ಷೇತ್ರಕ್ಕೆ ಐದು ಮಿಷನ್ನಿನ ಚೀಟಿ ಎಣಿಸಿ ತಾಳೆ ನೋಡುತ್ತಾರೆ. ನಮ್ಮ ಉತ್ತರ ಕನ್ನಡ ಲೋಕಸಭೆಗೆ ಖಾನಾಪುರ, ಕಿತ್ತೂರು ಸೇರಿ ಎಂಟು ಕ್ಷೇತ್ರ, ಅಂದರೆ 40 ಮಿಷನ್. ಅದೂ ಸಾಲದಿದ್ದರೆ, 2024ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ, ಎರಡನೇ ಮತ್ತು ಮೂರನೇ ಸ್ಥಾನದಲ್ಲಿ ಸೋತವರು ಏಳು ದಿನದೊಳಗೆ ಬರೆದುಕೊಟ್ಟು, ಹಣ ಕಟ್ಟಿ, ನೂರಕ್ಕೆ ಐದು ಮಿಷನ್ ಪರೀಕ್ಷೆ ಮಾಡಿಸಬಹುದು. ಇನ್ನೂ ಇದೆ. ಮತದಾನದ ಸಂಜೆ ಪ್ರತಿ ಬೂತಿನಲ್ಲೂ ಪಕ್ಷದ ಏಜೆಂಟನ ಕೈಗೆ 17ಸಿ ಅಂತ ಒಂದು ನಮೂನೆ ಕೊಡುತ್ತಾರೆ. ಎಷ್ಟು ಮತ ಬಿತ್ತು ಅಂತ ಅದರಲ್ಲಿ ಇರುತ್ತದೆ. ಮಿಷನ್ ಮೋಸ ಅಂತ ನನ್ನ ಹತ್ತಿರ ಬಂದ ಒಬ್ಬರನ್ನು ಕೇಳಿದೆ, "17ಸಿ ಎಲ್ಲಿ ತಮ್ಮಾ?" ಅಂಗಿ ಕಿಸೆಯಲ್ಲೇ ಉಳಿದು ತೊಳೆಯಲು ಹೋಯಿತಂತೆ. ಏನು ಹೇಳುವುದು!

ಕೋರ್ಟಿಗೂ ಹೋಗಬಹುದು. ಫಲಿತಾಂಶದಿಂದ 45 ದಿನದೊಳಗೆ, ಹೈಕೋರ್ಟಿಗೆ. ಗೆದ್ದವ ಸೋತ, ಸೋತವ ಸತ್ತ ಅನ್ನುವುದು ಕೋರ್ಟಿನ ಗಾದೆ. ಆದರೆ ರಾಜ್ ನಾರಾಯಣ್ ಸಾಯಲಿಲ್ಲ. 1971ರಲ್ಲಿ ಇಂದಿರಾ ಎದುರು ಲಕ್ಷಕ್ಕೂ ಜಾಸ್ತಿ ಮತದಿಂದ ಸೋತು ಅಲಹಾಬಾದ್ ಹೈಕೋರ್ಟಿಗೆ ಹೋದರು. 1975ರ ಜೂನ್ 12ರಂದು ಅವರ ಪರವಾಗಿ ತೀರ್ಪು ಬಂತು. ಇಂದಿರಾ ಅವರ ಆಯ್ಕೆಯೇ ರದ್ದಾಯಿತು, ಅದೇ ತಿಂಗಳು ತುರ್ತುಪರಿಸ್ಥಿತಿ ಬಂತು. ದೂರು ಇದ್ದರೆ ಹೀಗೆ ಅರ್ಜಿ ಹಾಕಬೇಕು. ಮೈಕಿನಲ್ಲಿ ಕೂಗಿದರೆ ಆಗುವುದಿಲ್ಲ.

ತಾಳಮದ್ದಳೆಯಲ್ಲಿ ವಾಲಿಯ ಅರ್ಥ ಕೇಳಿದವರಿಗೆ ಇದು ಬೇಗ ತಿಳಿಯುತ್ತದೆ. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಸುಮ್ನೆ ಬಿಡುತ್ತಾನೆಯೇ? ಮರೆಯಲ್ಲಿ ನಿಂತು ಹೊಡೆದೆಯಲ್ಲ ಅಂತ ಗಂಟೆಗಟ್ಟಲೆ ಕೇಳುತ್ತಾನೆ. ಒಳ್ಳೆ ಅರ್ಥಧಾರಿ ಇದ್ದರೆ ರಾಮನಿಗೇ ಬೆವರು. ಎಲ್ಲ ಕೇಳಿ ಆದಮೇಲೆ ಮಗ ಅಂಗದನ ಕೈಯನ್ನು ರಾಮನ ಕೈಯಲ್ಲಿ ಇಟ್ಟು ಕಣ್ಣು ಮುಚ್ಚುತ್ತಾನೆ. ಕೇಳುವುದೂ ಇದೆ, ಒಪ್ಪುವುದೂ ಇದೆ. ನಮ್ಮ ಪಕ್ಷಗಳು ಮೊದಲನೆಯದನ್ನು ಮಾತ್ರ ಕಲಿತಿವೆ.

ಸೋತ ಮೇಲೆ ಪಕ್ಷ ಕಟ್ಟುವುದು ಹೇಗೆ ಅಂತಲೂ ಹೇಳಬೇಕಿತ್ತು. ಎರಡು ಸ್ಥಾನದ ಬಿಜೆಪಿ 1989ರಲ್ಲಿ 85ಕ್ಕೆ ಬಂದದ್ದು, 2014ರಲ್ಲಿ 44ಕ್ಕೆ ಇಳಿದು ವಿರೋಧ ಪಕ್ಷದ ನಾಯಕನ ಸ್ಥಾನವೂ ಸಿಗದ ಕಾಂಗ್ರೆಸ್ 2024ರಲ್ಲಿ 99ಕ್ಕೆ ಏರಿದ್ದು. ಇವತ್ತು ಆಗುವುದಿಲ್ಲ. ಗಾಜಿನ ಆಚೆಯಿಂದ ಮುಗಿಸಿ ಅಂತ ಕೈ ಮಾಡುತ್ತಿದ್ದಾರೆ. ಬೂತಿನಲ್ಲಿ ಏಜೆಂಟರಾಗಿ ಕೂರುವವರು ಯಾರಾದರೂ ಕೇಳುತ್ತಿದ್ದರೆ, ಆ 17ಸಿ ನಮೂನೆಯನ್ನು ಅಂಗಿ ಕಿಸೆಯಲ್ಲಿ ಇಡಬೇಡಿ. ನಮಸ್ಕಾರ.